ಹೂ ಆಯುವ ಹೊತ್ತಿನ ತಮಿಳು

ರಾತ್ರಿಯ ಮಳೆಗೆ ಉದುರಿದ್ದ ಪಾರಿಜಾತವನ್ನು ಅಮ್ಮ ಸೆರಗಿಗೆ ಆಯ್ದುಕೊಳ್ಳುತ್ತಿದ್ದಳು. ತ್ರಿಪ್ಲಿಕೇನಿನ ನಮ್ಮ ಮನೆಗೆ ಶರತ್ಕಾಲ ತರುವ ಸುಖ ಇದೊಂದೇ. ಅಮ್ಮನ ಮರೆವಿನ ಕಾಯಿಲೆಯೂ ಅದನ್ನು ಕಿತ್ತುಕೊಂಡಿರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಅಮ್ಮ ಒಂದು ಹಿಡಿ ಹೂ ನನ್ನತ್ತ ಚಾಚಿ ತಮಿಳಿನಲ್ಲಿ ಕೇಳಿದಳು: “ಪೂ ವೇಣುಮಾ ಮಾ? ಉಂಗ ವೀಡು ಎಂಗೆ?”

ಹೂ ಬೇಕಾ, ನಿಮ್ಮ ಮನೆ ಎಲ್ಲಿ ಎಂದು. ತಮಿಳೇನಿದ್ದರೂ ಹೊರಗಿನವರ ಜೊತೆ, ಮನೆಯವರ ಜೊತೆ ಕನ್ನಡವೇ ಎಂಬುದು ಅವಳದೇ ಕಟ್ಟಪ್ಪಣೆ. ಮಕ್ಕಳಾದ ನಾವು ತಪ್ಪಿದರೆ ಗದರುತ್ತಿದ್ದಳು.

“ನಾನಮ್ಮ, ವನಜಾ,” ಎಂದೆ.

ಅಮ್ಮನ ಮುಖ ಅರಳಿತು. “ಅಯ್ಯೋ, ನಿಮಗೆ ಕನ್ನಡ ಬರುತ್ತಾ? ಯಾರು ಕಲಿಸಿದ್ರು?”

ಈಗಲೂ ಬೆಳಿಗ್ಗೆ ಜೊತೆಯಲ್ಲೇ ಹೂ ಆಯುತ್ತೇವೆ. ಆ ಪ್ರಶ್ನೆ ಮತ್ತೆ ಬಾರದಿರಲೆಂದು ನಾನು ತಮಿಳಿನಲ್ಲೇ ಮಾತಾಡುತ್ತೇನೆ.