ಮೇಡಂ ನಕ್ಕಿದ್ದರು

ನನ್ನ ಮಗಳ ಮಾತಿಗೆ ನಗು ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹೇಳಿದರೆಂದು ಅವಳನ್ನು ನಂಬಿಸಿದವಳು ನಾನು — ಅವಳ ತಾಯಿ. ಸುವರ್ಣಾ ಆಗ ಆರನೆಯ ಇಯತ್ತೆಯಲ್ಲಿದ್ದಳು. ಈಗ ಅವಳ ಮಗನೇ ಆ ಇಯತ್ತೆಯಲ್ಲಿದ್ದಾನೆ. ಇಷ್ಟು ವರ್ಷ ನಾನು ಅದನ್ನು ಸುಳ್ಳು ಎಂದು ಕರೆಯುವುದನ್ನೂ ಬಿಟ್ಟಿದ್ದೆ.

ನನ್ನ ತವರು ಔರಾದ ಕಡೆಯದು. ನಾವು ಹೆಣ್ಣುಮಕ್ಕಳು ನಕ್ಕದ್ದು ಪಡಸಾಲೆಗೆ ಕೇಳಿದರೆ ಅಪ್ಪ ಊಟದ ತಾಟು ಸರಿಸಿ ಎದ್ದುಬಿಡುತ್ತಿದ್ದ. ಹೊಡೆಯುತ್ತಿರಲಿಲ್ಲ, ಆ ದಿನ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ, ಅಷ್ಟೇ. ಮದುವೆಯಾಗಿ ಗಡಿಯಾಚೆ, ಮರಾಠಿ ಸೀಮೆಯ ವಲಾಂಡಿಗೆ ಬಂದೆ. ಇಲ್ಲಿ ನನ್ನ ಗಂಡನ ಅಣ್ಣನ ಮಾತೇ ಮನೆಯ ಮಾತು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಹೊಲ, ಆಮೇಲೆ ಮೌನ. ನನಗೆ ಹೊಸದೇನೂ ಅನಿಸಲಿಲ್ಲ.

ಅಂಥ ಮನೆಯಲ್ಲಿ ಸುವರ್ಣಾ ಹುಟ್ಟಿದಳು. ಯಾರನ್ನು ಒಮ್ಮೆ ನೋಡಿದರೂ ಸಾಕು, ಅವರಾಗಿಬಿಡುತ್ತಿದ್ದಳು. ಎಸ್‌ಟಿ ಬಸ್ಸಿನ ಕಂಡಕ್ಟರ್, ಬಳೆ ಮಾರುವ ಮುದುಕಿ, ಎತ್ತಿನ ಹತ್ತಿರ ಮಾತಾಡುವ ದೊಡ್ಡಪ್ಪ — ಹೆಂಡತಿಗೆ ಒಂದು ಮಾತು ಮೆತ್ತಗೆ ಆಡದವರು ತಮ್ಮ ದೇವಣಿ ತಳಿಯ ಎತ್ತಿಗೆ “ನನ್ನ ರಾಜಾ, ಯಾಕ ಸಿಟ್ಟಾಗೀದಿ?” ಎನ್ನುತ್ತಿದ್ದರಲ್ಲ, ಅದನ್ನು ಅವಳು ಕುತ್ತಿಗೆ ಓರೆ ಮಾಡಿ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ನಾವು ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಹೌದು, ನಾನೂ. ನಕ್ಕ ಮೇಲೆ ಅವಳ ಬೆನ್ನಿಗೊಂದು ಕೊಡುತ್ತಿದ್ದೆ.

ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ಮೊದಲು ಅವಳ ಮೇಡಂ ಒಂದು ಮಧ್ಯಾಹ್ನ ಮನೆಗೆ ಬಂದರು. ನಾನೊಬ್ಬಳೇ ಇದ್ದೆ. ಸುವರ್ಣಾ ಕ್ಲಾಸಿನಲ್ಲಿ ಮಾಡಿ ತೋರಿಸಿದ್ದನ್ನು ಹೇಳಹೋಗಿ, ಅಲ್ಲಿ ಮಕ್ಕಳೆದುರು ತಡೆದುಕೊಂಡಿದ್ದ ನಗುವನ್ನೆಲ್ಲ ಇಲ್ಲಿ ನಕ್ಕರು, ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು. ಸ್ಟೇಜಿನ ಮೇಲೆ ಅವಳೊಬ್ಬಳದೇ ಒಂದು ಆಟ ಇಡುವುದೆಂದರು.

“ನಮ್ಮ ಮನ್ಯಾಗ ಹೆಣ್ಣುಮಕ್ಕಳು ಸ್ಟೇಜ್ ಹತ್ತಂಗಿಲ್ಲರೀ,” ಎಂದೆ.

ಅವರು ಬಹಳ ಹೊತ್ತು ಹೇಳಿ ನೋಡಿದರು. ಕೊನೆಗೆ ಎದ್ದು, “ಹಂಗಾದ್ರ ಆಕಿಗಿ ನೀವೇ ಹೇಳ್ರಿ. ನನ್ನ ಕಡಿಂದ ಆಗಂಗಿಲ್ಲ,” ಎಂದು ಹೋದರು.

‘ದೊಡ್ಡಪ್ಪ ಒಪ್ಪುವುದಿಲ್ಲ’ ಎಂದಿದ್ದರೆ ಆಗುತ್ತಿತ್ತು. ಅವಳು ಅಳುತ್ತಿದ್ದಳು, ಹಟ ಮಾಡುತ್ತಿದ್ದಳು, ಅವಳ ಅಪ್ಪ ಕರಗುತ್ತಿದ್ದರು, ಅಣ್ಣ ತಮ್ಮಂದಿರ ನಡುವೆ ಮಾತು ಬೆಳೆಯುತ್ತಿತ್ತು... ನನಗೆ ಅದೆಲ್ಲ ಬೇಡವಾಗಿತ್ತು. ಅವಳು ಮತ್ತೆಂದೂ ಕೇಳಬಾರದು, ಅಂಥದೊಂದು ಮಾತು ಬೇಕಾಗಿತ್ತು. ಸಂಜೆ ರೊಟ್ಟಿ ಬಡಿಯುತ್ತ, ಅವಳ ಮುಖ ನೋಡದೆ ಹೇಳಿದೆ:

“ಮೇಡಂ ಬಂದಿದ್ರು. ಗ್ಯಾದರಿಂಗ್‌ದಾಗಿಂದ ನಿನ್ನ ಹೆಸರು ತೆಗೆದಾರಂತ. ನಿನ್ನ ಮಾತಿಗಿ ಯಾರಿಗೂ ನಗು ಬರಂಗಿಲ್ಲಂತ.”

ಅವಳು ಅಳಲಿಲ್ಲ. “ಹೌದಾ?” ಎಂದಳು, ಕೊಡ ತೆಗೆದುಕೊಂಡು ನೀರಿಗೆ ಹೋದಳು. ಆಮೇಲೆ ಕಂಡಕ್ಟರ್ ಬರಲಿಲ್ಲ, ಬಳೆಯ ಮುದುಕಿಯೂ ಬರಲಿಲ್ಲ. ಮೇಡಂನ ಎದುರು ತಲೆ ಎತ್ತುವುದನ್ನೂ ಬಿಟ್ಟಳು. ಆ ಬೇಸಿಗೆಯಲ್ಲಿ ಮೇಡಂಗೆ ಬೇರೆ ಊರಿಗೆ ಬದಲಿಯಾಯಿತು. ನೆರೆಯವರು, “ಹುಡುಗಿ ಎಷ್ಟು ಶಾಣ್ಯಾ ಆಗ್ಯಾಳ,” ಎಂದರು. ನನಗೆ ಹೆಮ್ಮೆಯೇ ಆಯಿತು — ಇದನ್ನೂ ಬರೆಯಲೇಬೇಕು.

ಈಗ ಒಬ್ಬ ನಗೆನಟನ ವಿಷಯ. ನಮ್ಮ ಜಳಕೋಟದ ಕಡೆಯವನೇ. ಮೊದಲು ಸಂತೆಗಳಲ್ಲಿ ಟೆಂಪೋ ಮೇಲೆ ನಿಂತು ಮೈಕಿನಲ್ಲಿ ಚಾದರ ಮಾರುತ್ತಿದ್ದ. ಅವನ ಮಾತು ಕೇಳಲೆಂದೇ ಜನ ನಿಲ್ಲುತ್ತಿದ್ದರು. ಆಮೇಲೆ ನಾಟಕ, ಟಿವಿ, ಸಿನಿಮಾದಲ್ಲಿ ಸಣ್ಣ ಪಾತ್ರಗಳು, ಈಗ ಎಲ್ಲರ ಮೊಬೈಲ್. ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಜಾರುತ್ತಾನೆ. ಅದು ನಮಗಲ್ಲದೆ ಇನ್ಯಾರಿಗೆ ತಿಳಿಯಬೇಕು? ನಿಲಂಗಾಕ್ಕೆ ಕೊಟ್ಟ ಸುವರ್ಣಾಗೂ ಅವನ ಹುಚ್ಚು. ಅವಳು ಅವನನ್ನು ನೋಡುವಾಗ ಜೋರಾಗಿ ನಗುವುದಿಲ್ಲ. ತುಟಿಗಳು ಮಾತ್ರ ಅವನ ಜೊತೆ ಆಡುತ್ತಿರುತ್ತವೆ.

ಹೋದ ತಿಂಗಳು ಉದಗೀರದಲ್ಲಿ ಅವನ ಕಾರ್ಯಕ್ರಮ. ತಾಯಿ ಮಗಳು ಇಬ್ಬರೂ ಹೋದೆವು. ಅವನು ತನ್ನ ಅಪ್ಪನ ಕತೆ ತೆಗೆದ: ಅಪ್ಪ ಮನೆಯೊಳಗೆ ಕಾಲಿಟ್ಟರೆ ಗೋಡೆಯ ಮೇಲಿನ ಹಲ್ಲಿ ಕೂಡ ಡ್ರಿಲ್ಲಿನ ‘ಸಾವಧಾನ’ದಲ್ಲಿ ನಿಲ್ಲುತ್ತಿತ್ತಂತೆ. ನಕಲು ಮಾಡಿದ್ದಕ್ಕೆ ಬಾಯಿಗೆ ಹಸಿಮೆಣಸಿನಕಾಯಿ ಇಟ್ಟಿದ್ದನಂತೆ. ಇವನು ಆ ಖಾರದಲ್ಲೇ ಅಪ್ಪನ ನಕಲು ಮಾಡಿದನಂತೆ. ಸಭೆಯೆಲ್ಲ ಉರುಳಾಡಿ ನಕ್ಕಿತು.

ಮುಗಿದ ಮೇಲೆ ಹೊರಗೆ ಚಹಾದ ಅಂಗಡಿಯಲ್ಲಿ ಹೆಂಗಸರೆಲ್ಲ ತಮ್ಮ ತಮ್ಮ ಅಪ್ಪಂದಿರನ್ನು ಹೊರಗೆ ತೆಗೆದರು. ಉಮರಗಾದಿಂದ ಬಂದಿದ್ದ ಒಬ್ಬಾಕೆ, “ನಮ್ಮಪ್ಪನ ಚಪ್ಪಲಿ ಸಪ್ಪಳಕ್ಕ ನಾವು ಉಸಿರು ಹಿಡೀತಿದ್ದಿವ್ರಿ,” ಎಂದಳು. ಇನ್ನೊಬ್ಬಾಕೆ, “ಹಂಗ ಬೆಳಿಸಿದ್ದಕ್ಕೇ ಅಂವಾ ಇಷ್ಟು ದೊಡ್ಡಾಂವ ಆಗ್ಯಾನ,” ಎಂದಳು. ನಾನು ತಲೆಯಾಡಿಸಿದೆ. ನನ್ನ ಪರವಾಗಿ ಯಾರೋ ಮಾತಾಡಿದಂತಿತ್ತು.

ಬಸ್ಸು ದೇವಣಿ ದಾಟಿದಾಗ ಸುವರ್ಣಾ ತಾನಾಗಿಯೇ ಅಂದಳು: “ಅವರಪ್ಪ ಬಾಯಾಗ ಮೆಣಸಿನಕಾಯಿ ಇಟ್ಟಾನ, ಖರೆ. ಆದ್ರ ನಿನ್ನ ಮಾತಿಗಿ ನಗು ಬರಂಗಿಲ್ಲ ಅಂತ ಅಂವಗ ಯಾರೂ ಅಂದಿಲ್ಲ ನೋಡವ್ವ.” ಆಮೇಲೆ ಮೆಲ್ಲಗೆ, “ನಮ್ಮ ಮೇಡಂ ಛಲೋ ಮಾಡಿದ್ರು ಬಿಡು. ಆಗೇ ಹೇಳಿದ್ರು. ಇಲ್ಲಾಂದ್ರ ನಾ ಸುಮ್ನ ಆಸಿ ಇಟ್ಕೊಂಡು ಕೂಡ್ತಿದ್ದೆ.”

ನನ್ನ ಮೇಲೆ ಸಿಟ್ಟು ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅವಳು ಆ ಮೇಡಂನ ಉಪಕಾರ ನೆನೆಯುತ್ತಿದ್ದಳು — ಇಷ್ಟು ವರ್ಷಗಳಿಂದ. “ಮೇಡಂ ಹಂಗ ಅಂದಿಲ್ಲ,” ಎಂದೆ. “ನಾ ಅಂದೆ. ಅವರು ನಿನ್ನ ಕೇಳಲಿಕ್ಕ ಬಂದಿದ್ರು. ನಾನೇ ಬ್ಯಾಡಂದೆ.”

ಅವಳು ನನ್ನನ್ನೇ ನೋಡಿದಳು. ಯಾಕೆ ಎಂದು ಕೇಳುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ.

“ಮೇಡಂ ನಕ್ಕಿದ್ರೇನು?”

“ಹೂಂ. ಕಣ್ಣಾಗ ನೀರು ಬರೂ ಹಂಗ.”

“ಯಾವ ಮಾತಿಗಿ?”

ನನಗೆ ನೆನಪಿರಲಿಲ್ಲ. ಆ ಮಧ್ಯಾಹ್ನ ನಾನು ಕೇಳುತ್ತಲೇ ಇರಲಿಲ್ಲ. ಅವರನ್ನು ಹೇಗೆ ಸಾಗಹಾಕುವುದೆಂದು ನೋಡುತ್ತಿದ್ದೆ. “ಮರ್ತೀನವ್ವ,” ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ವಲಾಂಡಿಯಲ್ಲಿ ನಾನು ಇಳಿಯುವಾಗ, “ಸಂಭಾಳಿಸಿ ಇಳಿ,” ಎಂದಳು, ಎಂದಿನ ಹಾಗೆಯೇ.

ಈಗಲೂ ಫೋನ್ ಮಾಡುತ್ತಾಳೆ. ಮಂಡಿನೋವು ಕೇಳುತ್ತಾಳೆ, ಮಗನ ಶಾಲೆಯ ಅಭ್ಯಾಸ ಹೇಳುತ್ತಾಳೆ. ಆ ಮಾತು ಇಬ್ಬರೂ ಎತ್ತಿಲ್ಲ. ಒಬ್ಬಳೇ ಇದ್ದಾಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಮೇಡಂ ನಕ್ಕಿದ್ದು ಕಂಡಕ್ಟರನ ಮಾತಿಗೋ, ಎತ್ತಿಗೆ ಹೇಳುವ ಮಾತಿಗೋ... ತಿಳಿಯುವುದಿಲ್ಲ. ಯಾವುದೋ ಒಂದನ್ನು ಆರಿಸಿ ಹೇಳಿಬಿಡಬಹುದು. ಅವಳಿಗೆ ಖುಷಿಯಾದೀತು, ನಾನು ಹೇಳಿದ್ದನ್ನು ಅವಳು ನಂಬಿಯೂ ನಂಬುತ್ತಾಳೆ.

ಅದಕ್ಕೇ ಹೇಳಿಲ್ಲ.