ಎಡಮೂಲೆಯ ನಕ್ಷೆ

ನಕ್ಷೆಯವರ ಒಂದು ಕಿರುಬೆರಳಿನ ಉಗುರು ಅಕ್ಕಿಕಾಳಿನಷ್ಟು ಉದ್ದ ಬೆಳೆದಿತ್ತು. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಉಜ್ಜಿ, ಮೊನೆ ಮಾಡಿ ಇಟ್ಟುಕೊಂಡಿದ್ದರು. ತುದಿಯಲ್ಲಿ ಸದಾ ಕೆಂಪು ಮಸಿ. ಯಾವ ಕೈ ಎಂದು ಯಾರಾದರೂ ಕೇಳಿದರೆ ನನ್ನ ನಾಲಗೆ ಬಲಗೈ ಅನ್ನುತ್ತದೆ. ಅವರು ಇದ್ದಿದ್ದರೆ, "ನೋಡಿದ್ಯೋ, ಬರ್ಕೊಂಡಿದ್ಯೋ?" ಅನ್ನುತ್ತಿದ್ದರು. ನೋಡಿದ್ದೆ, ಬರೆದುಕೊಂಡಿಲ್ಲ. ಆದ್ದರಿಂದ ಯಾವ ಕೈಯೋ ಗೊತ್ತಿಲ್ಲ ಎಂದೇ ಶುರು ಮಾಡುತ್ತೇನೆ.

ಉಗುರು ಇದ್ದದ್ದು ಚೌಕ ಎಣಿಸುವುದಕ್ಕೆ. ನಗರ್ತಪೇಟೆಯ ಒಂದು ಇಕ್ಕಟ್ಟಾದ ಮಹಡಿಯ ಮೇಲೆ ಕೂತು ಅವರು ರೇಷ್ಮೆ ಸೀರೆಗಳ ಅಂಚಿಗೆ, ಸೆರಗಿಗೆ ನಕ್ಷೆ ಬರೆಯುತ್ತಿದ್ದರು. ಚೌಕುಳಿ ಕಾಗದದಲ್ಲಿ ಒಂದು ಚೌಕ ಎಂದರೆ ಸೀರೆಯಲ್ಲಿ ಒಂದು ಎಳೆ. ಅದನ್ನು ನೋಡಿ ನೇಕಾರರು ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಿದ್ದರು. ಚೌಕಕ್ಕೆ ಅವರ ಬಾಯಲ್ಲಿ ಮನೆ ಎಂದು ಹೆಸರು.

"ಒಂದು ಮನೆ ತಪ್ಪಿದ್ರೆ ಹಂಸದ ಕತ್ತು ಮುರೀತು. ಆಮೇಲೆ ಅದು ಹಂಸ ಅಲ್ಲ ಕಣಪ್ಪಾ, ಬಾತುಕೋಳಿ."

ನಾವು ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದೆವು. ನಾವು ಎಂದರೆ ಮಲ್ಲೇಶ್ವರದ ಒಂದು ಮಣ್ಣಿನ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಹತ್ತು ಹದಿನೈದು ಜನ. ಐವತ್ತರ ದಶಕದ ಮೊದಲ ವರ್ಷಗಳು. ಸುಣ್ಣದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದೆವು. ಚೆಂಡು ನೆಲಕ್ಕೆ ಬಡಿದಾಗಲೆಲ್ಲ ಕೆಂಧೂಳು ಏಳುತ್ತಿತ್ತು. ಪೇಟೆಯಿಂದ ಮನೆಗೆ ನಡೆದು ಬರುವಾಗ ನಕ್ಷೆಯವರು ಅಂಗಳದ ಅಂಚಿನ ಕಲ್ಲುಚಪ್ಪಡಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಹಣೆಯಲ್ಲಿ ವಿಭೂತಿ, ಜುಬ್ಬದೊಳಗೆ ಲಿಂಗದ ಕರಡಿಗೆ ಚೂರು ಉಬ್ಬಿ ಕಾಣುತ್ತಿತ್ತು. ಒಂದು ದಿನವೂ ಅವರು ಚೆಂಡು ಮುಟ್ಟಿದ್ದನ್ನು ನಾನು ಕಾಣೆ. ಒಮ್ಮೆ ಅದು ಉರುಳಿ ಅವರ ಕಾಲಿಗೆ ಬಂದಾಗ ಎರಡೂ ಪಾದ ಎತ್ತಿಕೊಂಡು ದಾರಿ ಬಿಟ್ಟರು, ಬೆಕ್ಕು ಹಾದುಹೋಗಲಿ ಎಂಬಂತೆ.

ಅವರನ್ನು ಹಿಡಿದು ಕೂರಿಸಿದ್ದು ಆಟವಲ್ಲ, ಆಟ ಮುಗಿದ ಮೇಲಿನ ನಮ್ಮ ಜಗಳ.

"ನೀನೇ ಕಣೋ ಚೆಂಡು ಬಿಟ್ಟಿದ್ದು!"

"ಬಿಟ್ನಾ? ನಾಲ್ಕು ಹಾಕಿದೀನಿ ಇವತ್ತು!"

"ನಾಲ್ಕಂತೆ! ಎರಡಿದ್ರೆ ಹೆಚ್ಚು."

ಒಂದು ಸಂಜೆ ಇದನ್ನೆಲ್ಲ ಕೇಳಿಸಿಕೊಂಡು ನಕ್ಷೆಯವರು ಎದ್ದು ಬಂದರು. "ಐದು ಜನ ನೋಡಿದೀರಿ, ಐದು ಥರ ಹೇಳ್ತಿದೀರಿ. ಯಾರೂ ಸುಳ್ಳು ಹೇಳ್ತಿಲ್ಲ. ನನಗೆ ಅದೇ ಭಯ ಆಗ್ತಿರೋದು."

ಮಾರನೆಯ ದಿನದಿಂದ ಅವರ ಮೊಣಕಾಲ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಚೌಕುಳಿ ಕಾಗದ. ಕಾಗದದಲ್ಲಿ ನಮ್ಮ ಅಂಗಳವನ್ನೇ ಇಳಿಸಿದ್ದರು. ಒಂದು ಮನೆ ಎಂದರೆ ಒಂದು ಹೆಜ್ಜೆ. ಯಾರು ಎಲ್ಲಿ ನಿಂತು ಚೆಂಡು ಎಸೆದರೋ ಆ ಮನೆಗೆ ಒಂದು ಚುಕ್ಕೆ. ರಿಂಗಿನೊಳಗೆ ಹೋದರೆ ಕೆಂಪು, ಹೋಗದಿದ್ದರೆ ನೀಲಿ. ನಮ್ಮ ಹೆಸರುಗಳು ಅವರ ತಲೆಯಲ್ಲಿ ನಿಲ್ಲಲಿಲ್ಲ. ಬದಲಿಗೆ ಒಬ್ಬೊಬ್ಬರಿಗೂ ಸೀರೆಯ ಮೈಮೇಲೆ ನೇಯುವ ಒಂದೊಂದು ಬುಟ್ಟದ ಚಿತ್ರ ಕೊಟ್ಟರು. ಕ್ಯಾಪ್ಟನ್ನಿಗೆ ಗೋಪುರ. ನನಗೆ ಮಾವಿನಕಾಯಿ. ಓಕಳಿಪುರದಿಂದ ರೈಲುಹಳಿ ದಾಟಿ ಬರುತ್ತಿದ್ದ ಕುಳ್ಳನೊಬ್ಬನಿಗೆ ರುದ್ರಾಕ್ಷಿ. ಪ್ರತಿ ಚುಕ್ಕೆಯ ಕೆಳಗೂ, ಎಸೆದವನ ಕೈಗೆ ಪಾಸು ಕೊಟ್ಟವರು ಯಾರು ಎಂದು ಕಡ್ಡಿಯಷ್ಟು ಸಣ್ಣಗೆ ಅವನ ಬುಟ್ಟವನ್ನು ಬರೆಯುತ್ತಿದ್ದರು. ಪಾಸು ಕೊಟ್ಟವನನ್ನು ಬರೆದಿಡುವ ಯೋಚನೆ ನಮ್ಮ ಊರಿನಲ್ಲಿ ಯಾರಿಗೂ ಬಂದಿರಲಿಲ್ಲ. ದೂರದೇಶಗಳಲ್ಲಿ ಕೆಲವರು ಈ ಆಟವನ್ನು ಹೀಗೆ ಅಂಕೆಗಳಲ್ಲಿ ಹಿಡಿಯಲು ಹೊರಟಿದ್ದರು ಎಂದು ಬಹಳ ವರ್ಷಗಳ ಮೇಲೆ ಓದಿದೆ. ನಕ್ಷೆಯವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ. ಇವರ ಸುದ್ದಿ ಅವರಿಗೂ.

"ಏನ್ ನಕ್ಷೆಯವರೇ, ಈ ಸೀರೆ ಯಾವ ಮದುವೆಗೆ?" ಎಂದು ಕ್ಯಾಪ್ಟನ್ ರೇಗಿಸುತ್ತಿದ್ದ.

"ಇನ್ನೂ ಹೆಣ್ಣೇ ಗೊತ್ತಾಗಿಲ್ಲಪ್ಪಾ. ನೀವು ಮೊದಲು ಎರಡು ಚೆಂಡು ಹಾಕಿ."

ಈಗ ನನ್ನ ವಿಷಯ. ಎಡಮೂಲೆಯಿಂದ ನಾನು ಎಸೆಯುತ್ತಿದ್ದ ಚೆಂಡಿಗೆ ಆಗ ಹೆಸರಿತ್ತು. ನಕ್ಷೆಯವರು ಚುಕ್ಕೆ ಇಡಲು ಶುರುಮಾಡಿದ ವಾರವೇ, ನಮ್ಮ ಅಂಗಳಕ್ಕೆ ಬಂದ ದಂಡಿನ (ಕಂಟೋನ್ಮೆಂಟ್) ಕಡೆಯ ತಂಡವೊಂದರ ಮೇಲೆ ಕೊನೆಯ ಕ್ಷಣದಲ್ಲಿ ಅಲ್ಲಿಂದಲೇ ಹಾಕಿ ಗೆಲ್ಲಿಸಿದ್ದೆ. ಅದಾದ ಮೇಲೆ ನಾನು ಆ ಮೂಲೆಗೆ ಹೋದರೆ ಸಾಕು, ಕಾಂಪೌಂಡಿನ ಮೇಲೆ ಕೂತವರು "ಮೂಲೆ! ಮೂಲೆ!" ಎಂದು ಕೂಗುತ್ತಿದ್ದರು. ಓಕಳಿಪುರದವನನ್ನು ನೋಡಿ ಯಾರೂ ಕೂಗುತ್ತಿರಲಿಲ್ಲ. ಅವನು ಚೆಂಡು ಹಿಡಿಯುವುದು, ಕೊಡುವುದು, ಓಡುವುದು, ಅಷ್ಟೇ. ರಿಂಗಿನ ಕಡೆ ಮುಖವನ್ನೇ ಎತ್ತದವನು ಎಂದು ನಾವು ನಗುತ್ತಿದ್ದೆವು.

ಮದರಾಸಿನ ಒಂದು ಪಂದ್ಯಾವಳಿಗೆ ನಮ್ಮ ಕ್ಲಬ್ಬಿನಿಂದ ಎಂಟು ಜನರನ್ನು ಕಳಿಸುವುದೆಂದಾಯಿತು. ಆ ಪಂದ್ಯಗಳನ್ನು ನೋಡಲು ಕಾರ್ಖಾನೆಗಳವರು ಬರುತ್ತಾರೆ, ಮನಸ್ಸಿಗೆ ಹಿಡಿದ ಆಟಗಾರನಿಗೆ ಅಲ್ಲೇ ಕೆಲಸ ಕೊಡುತ್ತಾರೆ ಎಂದು ಸುದ್ದಿಯಿತ್ತು. ನನಗೆ ಅದರ ಅವಸರ ಇರಲಿಲ್ಲ; ಕಾಲೇಜು ಇತ್ತು, ಅಪ್ಪನ ಸಂಬಳ ಇತ್ತು. ಓಕಳಿಪುರದವನಿಗೆ ಅವಸರ ಇತ್ತು. ಅವನ ತಂದೆಗೆ ಕಣ್ಣು ಮಂಜಾಗಿ ರೈಲ್ವೆಯ ಕೆಲಸ ಹೋಗಿತ್ತು. ಏಳು ಹೆಸರು ಆಗಲೇ ಮಾತಾಗಿತ್ತು, ಅದರಲ್ಲಿ ನನ್ನದೂ ಒಂದು. ಎಂಟನೆಯವನು ಅವನೋ, ಹೊಸದಾಗಿ ಸೇರಿದ್ದ ಆರಡಿಯ ಇನ್ನೊಬ್ಬನೋ ಎಂದು ಕ್ಯಾಪ್ಟನ್ ಯೋಚಿಸುತ್ತಿದ್ದ.

ಪಟ್ಟಿ ಕಳಿಸುವುದಕ್ಕೆ ಎರಡು ದಿನ ಮುಂಚೆ ನಕ್ಷೆಯವರು ನನ್ನನ್ನು ಚಪ್ಪಡಿಯ ಹತ್ತಿರ ಕರೆದರು. ಆರು ವಾರದಲ್ಲಿ ನಾನು ಎಸೆದದ್ದನ್ನೆಲ್ಲ ಒಂದೇ ಹಾಳೆಗೆ ಇಳಿಸಿ ತಂದಿದ್ದರು.

"ಕ್ಯಾಪ್ಟನ್‌ಗೆ ತೋರಿಸ್ಬೇಕು. ನಿನ್ನ ನಕ್ಷೆ, ಮೊದಲು ನೀನು ನೋಡೋದು ಮರ್ಯಾದೆ. ಎಡಮೂಲೆ ನೋಡು. ಅಲ್ಲಿ ಕೆಂಪಿರೋ ಕಡೆ—"

ನನಗೆ ಕೆಂಪು ಕಾಣಲೇ ಇಲ್ಲ. ನನ್ನ ಮೂಲೆ, ಜನ ಕೂಗುವ ಮೂಲೆ, ಮಸಿಕುಡಿಕೆ ಉರುಳಿಸಿದ ಹಾಗೆ ನೀಲಿಯಾಗಿತ್ತು. ಇವರು ಇದನ್ನು ತೋರಿಸಿದರೆ ನನ್ನ ಹೆಸರು ಹೋಯಿತು, ಅಷ್ಟೇ ನನ್ನ ತಲೆಯಲ್ಲಿ ಓಡಿದ್ದು.

"ಮನೆಗೆ ತಗೊಂಡ್ಹೋಗಿ ನೋಡ್ತೀನಿ, ಕೊಡಿ," ಎಂದೆ.

"ತಗೋ. ಆದ್ರೆ ಪೂರ್ತಿ ನೋಡು. ನಕ್ಷೆನ ದೂರದಿಂದ್ಲೂ ನೋಡ್ಬೇಕು, ಹತ್ತಿರದಿಂದ್ಲೂ ನೋಡ್ಬೇಕು. ದೂರದಿಂದ ಬಣ್ಣ ಕಾಣುತ್ತೆ. ಹತ್ತಿರ ಹೋದ್ರೇನೇ ಎಳೆ."

ಬೆಳಗ್ಗೆ ಬಚ್ಚಲ ಹಂಡೆಯ ಒಲೆಗೆ ಅದನ್ನು ತುರುಕಿದೆ. ಆ ನೀರಿನಲ್ಲೇ ಸ್ನಾನ ಮಾಡಿದೆ. ಚೌಕುಳಿ ಕಾಗದ ಉರಿಯುವಾಗ ಮೊದಲು ಗೆರೆಗಳು ಮಾತ್ರ ಹೊಳೆದವು ಎಂದು ಬರೆಯಬೇಕು ಅನ್ನಿಸುತ್ತದೆ. ಚೆನ್ನಾಗಿ ಕೂರುವ ವಾಕ್ಯ, ಅದಕ್ಕೇ ಅನುಮಾನ. ತುರುಕಿದ್ದು ಮಾತ್ರ ನಿಜ.

ಪಟ್ಟಿ ಬರೆಯುವ ಸಂಜೆ ನಕ್ಷೆಯವರು ಎಂದಿಗಿಂತ ಬೇಗ ಬಂದರು. ಅದೇ ಸಂಜೆಯ ಟಪಾಲಿಗೆ ಕಾಗದ ಹೋಗಬೇಕಿತ್ತು.

"ಓಕಳಿಪುರದವ್ರನ್ನ ಬಿಡ್ಬೇಡಿ," ಎಂದರು ಕ್ಯಾಪ್ಟನ್ನಿಗೆ.

"ಅವನು ಎಷ್ಟು ಸಲ ಹಾಕಿದಾನೆ ಹೇಳಿ ನೋಡೋಣ?"

"ಅವ್ರು ಹಾಕಲ್ಲ."

ಎಲ್ಲರೂ ಹೋ ಎಂದು ನಕ್ಕರು. ಓಕಳಿಪುರದವನು ಅಲ್ಲೇ ಇದ್ದ, ಬೂಟಿನ ಲೇಸು ಬಿಚ್ಚುತ್ತಿದ್ದ. ಅವನೂ ನಕ್ಕ.

"ಹಾಕೋ ಹಾಗೆ ಮಾಡ್ತಾರೆ," ಎಂದರು ನಕ್ಷೆಯವರು, ನಗು ತಗ್ಗಿದ ಮೇಲೆ. "ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ. ನಾನೂ ನಂಬಲ್ಲ. ಕಾಗದ ನೋಡಿ."

"ಎಲ್ಲಿ ಕಾಗದ?"

ಅವರು ನನ್ನ ಕಡೆ ತಿರುಗಿದರು. "ಇವನ ಹತ್ರ ಇದೆ."

"ಮನೇಲಿ ಎಲ್ಲೋ ಇಟ್ಟಿದೀನಿ," ಎಂದೆ. "ಸಿಗ್ತಿಲ್ಲ."

ನನ್ನನ್ನು ಅವರು ಎಷ್ಟು ಹೊತ್ತು ನೋಡಿದರೋ ಹೇಳಲಾರೆ. ಅಂಥ ಹೊತ್ತು ನೆನಪಿನಲ್ಲಿ ಬೆಳೆಯುತ್ತದೆ. "ನಾಳೆವರೆಗೂ ತಡೀರಿ, ಪೇಟೆಯಿಂದ ತರ್ತೀನಿ," ಎಂದರು ಕ್ಯಾಪ್ಟನ್ನಿಗೆ. ಇವನ ಹತ್ತಿರ ಇದೆ ಎಂದವರು ಪೇಟೆಯಿಂದ ಏನು ತರುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಕ್ಯಾಪ್ಟನ್ ಗಡಿಯಾರ ನೋಡಿ, "ಟಪಾಲು ಕಾಯಲ್ಲ ನಕ್ಷೆಯವರೇ," ಎಂದ. ಆರಡಿಯವನ ಹೆಸರು ಬರೆದ.

ಮದರಾಸಿನಲ್ಲಿ ಮೊದಲ ಪಂದ್ಯವೇ ಸೋತೆವು. ನಾನು ಎಡಮೂಲೆಯಲ್ಲಿ ನಿಂತೇ ಇದ್ದೆ. ಚೆಂಡು ಬಂದಾಗಲೆಲ್ಲ ಒಂದು ಗಳಿಗೆ ತಡವಾಗಿ ಬಂತು, ಇಲ್ಲವೇ ಮೊಣಕಾಲ ಮಟ್ಟಕ್ಕೆ ಬಂತು. ಕಾರ್ಖಾನೆಯವರು ಯಾರೂ ನಮ್ಮ ಬಳಿ ಮಾತಾಡಲಿಲ್ಲ. ವಾಪಸು ಬಂದ ಮೇಲೆ ನಕ್ಷೆಯವರು ಕೇಳಿದರು:

"ಮೂಲೆಯಿಂದ ಎಷ್ಟು ಎಸೆದೆ? ಎಷ್ಟು ಹೋಯ್ತು?"

"ಗೊತ್ತಿಲ್ಲ," ಎಂದೆ.

"ಪರವಾಗಿಲ್ಲ. ಗೊತ್ತಿಲ್ಲ ಅಂತ ಬರ್ಕೊಳ್ಳೋದೂ ಬರವಣಿಗೇನೇ," ಎಂದು ಹಾಳೆಯಲ್ಲಿ ಒಂದು ಖಾಲಿ ಸುತ್ತು ಹಾಕಿಕೊಂಡರು.

ಓಕಳಿಪುರದವನು ಮತ್ತೆ ಅಂಗಳಕ್ಕೆ ಬರಲಿಲ್ಲ. ಕೆಲಸ ಹುಡುಕಿಕೊಂಡು ಹುಬ್ಬಳ್ಳಿಯ ಕಡೆ ಹೋದನಂತೆ. ನಕ್ಷೆಯವರು ಮಾತ್ರ ಮೊದಲಿನಂತೆಯೇ ಬರುತ್ತಿದ್ದರು, ಚುಕ್ಕೆ ಇಡುತ್ತಿದ್ದರು, ನನ್ನ ಮಾವಿನಕಾಯಿಯನ್ನು ಮೊದಲಿನಷ್ಟೇ ನಾಜೂಕಾಗಿ ಬರೆಯುತ್ತಿದ್ದರು. ಆ ಹಾಳೆಯ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಒಲೆಗೆ ಹಾಕಿದ್ದನ್ನು ನಾನೇ ಒಂದು ದಿನ ಅವರಿಗೆ ಹೇಳಿ ತಪ್ಪೊಪ್ಪಿಕೊಂಡೆ ಎಂದು ನನಗೆ ನೆನಪಿದೆ. ಆದರೆ ಯಾವ ಮಾತಿನಲ್ಲಿ ಹೇಳಿದೆ ಎಂಬುದು ನೆನಪಿಲ್ಲ, ಅವರು ಏನಂದರು ಎಂಬುದೂ ನೆನಪಿಲ್ಲ. ಹಾಗಾದರೆ ಒಪ್ಪಿಕೊಂಡಿರಲಿಕ್ಕಿಲ್ಲ.

ಆಟ ಬಿಟ್ಟ ಮೇಲೆ ಈ ಕಥೆಯನ್ನು ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ, ನನ್ನನ್ನು ನಾನೇ ಹಂಗಿಸಿಕೊಂಡು. "ಊರೆಲ್ಲ ಮೂಲೆ ಮೂಲೆ ಅಂತಿತ್ತು. ಕಾಗದ ನೋಡಿದ್ರೆ ಕೆಂಪು ಎರಡೇ ಎರಡು!" ಎಂದರೆ ಎಲ್ಲರೂ ನಗುತ್ತಿದ್ದರು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಒಂದು ಚಪ್ಪಾಳೆ ಇರುತ್ತದೆ. ನಾನು ಅದನ್ನು ತಪ್ಪದೆ ಗಿಟ್ಟಿಸುತ್ತಿದ್ದೆ.

ನಕ್ಷೆಯವರು ಆ ದಶಕ ಮುಗಿಯುವುದರೊಳಗೆ ತೀರಿಕೊಂಡರು. ಶಿವಗಣಾರಾಧನೆಯ ಊಟ ಮುಗಿದ ಮೇಲೆ ಅವರ ಮಗ, "ಅಪ್ಪಾಜಿ ನಿಮ್ಮ ಆಟದ ಕಾಗದಾನೂ ಜೋಪಾನ ಮಾಡಿದಾರೆ, ಒಂದ್ಸಲ ಪೇಟೆಗೆ ಬನ್ನಿ," ಎಂದರು. ಹೋದೆ. ಹಂಸ, ಗಂಡಭೇರುಂಡ, ತೇರಿನ ಅಂಚುಗಳ ನಡುವೆ ದಾರ ಕಟ್ಟಿದ ಒಂದು ಕಟ್ಟು. ಬಿಚ್ಚಿದರೆ ಮೇಲೆಯೇ ಇತ್ತು, ನಾನು ಸುಟ್ಟಿದ್ದ ಹಾಳೆ.

"ಇದು ಹೇಗೆ ಇಲ್ಲಿ?" ಎಂದೆ.

"ಇದು ಮೂಲ ಅಲ್ವಾ ಸಾರ್. ಮೂಲ ಯಾವತ್ತೂ ಈ ಮಹಡಿ ಇಳಿಯಲ್ಲ. ನೇಕಾರ್ರು ಕೊಳೆ ಮಾಡ್ತಾರೆ, ಕಳೀತಾರೆ, ಇಲಿ ತಿನ್ನುತ್ತೆ. ಕೈಗೆ ಕೊಡೋದೆಲ್ಲ ನಕಲು. ನಿಮಗೂ ನಕಲೇ ಕೊಟ್ಟಿರ್ತಾರೆ."

ಪೇಟೆಯಿಂದ ತರುತ್ತೇನೆ ಎಂದದ್ದು ಇದನ್ನು.

ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆ. ಎಡಮೂಲೆಯಲ್ಲಿ ನೀಲಿ ಬಹಳ, ಸುಳ್ಳಲ್ಲ. ಆದರೆ ಕೆಂಪು ಎರಡಲ್ಲ, ಒಂಬತ್ತು. ಇಷ್ಟು ವರ್ಷ ನನ್ನ ಜಂಬವೊಂದೇ ಸುಳ್ಳು ಹೇಳುತ್ತಿತ್ತು ಎಂದುಕೊಂಡಿದ್ದೆ. ನನ್ನ ಪಶ್ಚಾತ್ತಾಪವೂ ಸುಳ್ಳು ಹೇಳಿತ್ತು. ಆಮೇಲೆ ಅವರು ಹೇಳಿದಂತೆ ಹತ್ತಿರಕ್ಕೆ ಹೋದೆ. ಒಂಬತ್ತು ಕೆಂಪು ಚುಕ್ಕೆಗಳಲ್ಲಿ ಎಂಟರ ಕೆಳಗೆ ಕಡ್ಡಿಯಷ್ಟು ಸಣ್ಣದಾಗಿ ರುದ್ರಾಕ್ಷಿ ಇತ್ತು. ಅವುಗಳಲ್ಲೊಂದು ದಂಡಿನವರ ಮೇಲೆ ಕೊನೆಯ ಕ್ಷಣದಲ್ಲಿ ಹಾಕಿದ್ದು, ಪಕ್ಕದಲ್ಲಿ ಗುರುತು ಹಾಕಿದ್ದರು. ಅಂದು ಅಂಗಳದಲ್ಲಿದ್ದ ಎಲ್ಲರಿಗೂ ನಾನು ಎಸೆದದ್ದು ನೆನಪಿತ್ತು. ನನ್ನ ಕೈಗೆ ಚೆಂಡು ಕೊಟ್ಟವರು ಯಾರು ಎಂಬುದು ಒಬ್ಬರಿಗೂ ನೆನಪಿರಲಿಲ್ಲ, ನನಗೂ. ನೀಲಿ ಚುಕ್ಕೆಗಳ ಕೆಳಗೆ ಗೋಪುರ, ನವಿಲು, ಇನ್ನೇನೇನೋ ಇದ್ದವು. ರುದ್ರಾಕ್ಷಿ ಹುಡುಕಬೇಕಿತ್ತು.

ಹಾಳೆಯ ಬುಡದಲ್ಲಿ, ನೇಕಾರರಿಗೆ ಸೂಚನೆ ಬರೆಯುವ ಜಾಗದಲ್ಲಿ, ಸೀಸದ ಕಡ್ಡಿಯಲ್ಲಿ ಒಂದು ಸಾಲು ಇತ್ತು: "ಮಾವು, ರುದ್ರಾಕ್ಷಿ ಜೋಡಿ ಬುಟ್ಟ. ಬೇರೆ ಮಾಡಬಾರದು."

ನನ್ನ ಹೆಸರು ತೆಗೆಸಲು ಅವರು ಬಂದಿರಲಿಲ್ಲ. ಅವನನ್ನು ಉಳಿಸಲು ಬಂದಿದ್ದರು. ಅಂದು ಚಪ್ಪಡಿಯ ಹತ್ತಿರ ಅವರ ಮಾತು ಮುಗಿಯಲು ನಾನೇ ಬಿಡಲಿಲ್ಲ.

ಮೂಲವನ್ನು ಮಗನ ಕೈಗೇ ವಾಪಸು ಕೊಟ್ಟೆ. ಅಲ್ಲೇ ಕೂತು, ಅವರ ಹಲಗೆಯ ಮೇಲೆ ಎರಡು ನಕಲು ಮಾಡಿಕೊಂಡೆ. ಮನೆ ತಪ್ಪಬಾರದೆಂದು ಕಿರುಬೆರಳಿನಿಂದ ಎಣಿಸುತ್ತ ಹೋದರೂ ನಾಲ್ಕು ಸಲ ತಪ್ಪಿತು. ಒಂದು ನಕಲು ನನ್ನ ಹತ್ತಿರ ಇದೆ. ಇನ್ನೊಂದನ್ನು ಓಕಳಿಪುರಕ್ಕೆ ಒಯ್ದು, ಕಣ್ಣು ಕಾಣದ ಆ ತಂದೆಯನ್ನು ವಿಳಾಸ ಕೇಳಿ, ನಡೆದದ್ದನ್ನೆಲ್ಲ ಬರೆದು ಹುಬ್ಬಳ್ಳಿಗೆ ಅಂಚೆಯಲ್ಲಿ ಕಳಿಸಿದೆ. ಅಂಚೆಕಚೇರಿಯ ರಸೀತಿ ಇದೆ. ಅವನಿಂದ ಒಂದು ಕಾರ್ಡು ಬಂತೆಂದೂ, "ಹೋಗಲಿ ಬಿಡು ಗುರು, ಆ ಮೂಲೇಲಿ ನಿನ್ನ ಬಿಟ್ರೆ ಯಾರು ನಿಲ್ತಿದ್ರು" ಎಂದು ಅದರಲ್ಲಿ ಬರೆದಿದ್ದನೆಂದೂ ನನಗೆ ಸ್ಪಷ್ಟವಾಗಿ ನೆನಪಿದೆ. ಮನೆಯೆಲ್ಲ ಹುಡುಕಿದ್ದೇನೆ. ಕಾರ್ಡು ಇಲ್ಲ.

ನಕ್ಷೆಯವರ ಪಾಠದ ಪ್ರಕಾರ, ಅದು ಬಂತೋ ಇಲ್ಲವೋ ಗೊತ್ತಿಲ್ಲ. ಖಾಲಿ ಸುತ್ತು ಹಾಕಿಕೊಂಡಿದ್ದೇನೆ.