ಹಸೀನಾಬೀಗೆ ಗುರುತಿದ್ದ ಕೈಗಳು

ಮಸ್ಕಿಯ ನಮ್ಮ ಓಣಿಯಲ್ಲಿ ಬಳೆಗಾರ್ತಿ ಹಸೀನಾಬೀ ಕಾಲಿಡದ ಮನೆಯಿಲ್ಲ. ಮೂವತ್ತು ವರ್ಷ ಬಳೆಯ ಬುಟ್ಟಿ ಹೊತ್ತು ತಿರುಗಿದವಳು. ಕಟ್ಟೆಯ ಮೇಲೆ ಕೂತು ಹೆಣ್ಣುಮಕ್ಕಳ ಕೈ ಹಿಡಿದು, ಗಿಣ್ಣು ಒತ್ತಿ ನೋಡಿ, ‘ಎರಡು ನಾಲ್ಕು’, ‘ಎರಡು ಆರು’ ಎಂದು ಅಳತೆ ಹೇಳುತ್ತಿದ್ದಳು. ಕೈ ಕೊಟ್ಟವರು ಅದರ ಜೊತೆ ಮನೆಯ ಕತೆಯನ್ನೂ ಕೊಡುತ್ತಿದ್ದರು. ಯಾವ ಸೊಸೆ ಸೊರಗಿದ್ದಾಳೆ, ಯಾವ ಹೆಂಗಸಿನ ಮಣಿಕಟ್ಟಿನಲ್ಲಿ ಬಾಸುಂಡೆ ಇದೆ, ಎಲ್ಲವೂ ಅವಳಿಗೆ ಗೊತ್ತು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದರೆ ಅವಳ ಹೊಟ್ಟೆಪಾಡು ಅವತ್ತಿಗೇ ಮುಗಿಯಿತು. “ನನಗ ಕಣ್ಣು ಅದಾವ್ರಿ ಸರ, ಬಾಯಿಲ್ಲ” ಎನ್ನುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳು. ಉಪಚುನಾವಣೆಯ ಮೈಕುಗಳು ಸುಮ್ಮನಾಗಿ ಎರಡು ವಾರವಾಗಿತ್ತು. ಈಗ ಮನೆಮನೆಯಲ್ಲೂ ಕೆಮ್ಮು. ಶಾಲೆ ಮುಚ್ಚಿತ್ತು, ಮಾಸ್ತರನಾದ ನನ್ನನ್ನು ಓಣಿಯ ಕೊರೋನಾ ಸರ್ವೆಗೆ ಹಾಕಿದ್ದರು. ಊರಿನ ನಾಲ್ಕು ಜನ ಸೇರಿ ‘ಮಸ್ಕಿ ನೆರವು’ ಎಂದು ವಾಟ್ಸಾಪ್ ಗುಂಪು ಮಾಡಿದ್ದೆವು. ಸಿಂಧನೂರಿನಲ್ಲಿ ಎಷ್ಟು ಬೆಡ್ ಖಾಲಿ, ಲಿಂಗಸುಗೂರಿನಲ್ಲಿ ಆಕ್ಸಿಜನ್ ಎಲ್ಲಿ ಸಿಗುತ್ತದೆ, ಊಟ ಯಾರು ಕೊಡುತ್ತಾರೆ ಎಂದು ದಿನಾ ಸಂಜೆ ಬರೆದು ಹಾಕುವುದು ನನ್ನ ಕೆಲಸ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಅದನ್ನು ಯಾರು ಓದುತ್ತಿದ್ದರೋ ದೇವರೇ ಬಲ್ಲ.

ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ಅಳೆಯುವ ಯಂತ್ರ ಓಣಿಗೆಲ್ಲ ಒಂದೇ ಇತ್ತು. ಆಶಾ ಕಾರ್ಯಕರ್ತೆಯೇ ಜ್ವರ ಬಂದು ಮಲಗಿದ್ದಳು. ರಿಜಿಸ್ಟರ್ ಹಿಡಿದ ನನ್ನನ್ನು ಕಂಡರೆ ಜನ ಅಗಳಿ ಹಾಕಿಕೊಳ್ಳುತ್ತಿದ್ದರು. ಬಾಗಿಲು ತೆರೆಸಬಲ್ಲವಳು ಒಬ್ಬಳೇ. ಕೇಳಿದ್ದಕ್ಕೆ ಹಸೀನಾಬೀ ಮರುಮಾತಾಡದೆ ಬಂದಳು. ಮದುವೆಗಳೆಲ್ಲ ನಿಂತು ಬಳೆ ವ್ಯಾಪಾರ ಹೇಗೂ ನೆಲ ಕಚ್ಚಿತ್ತು.

ರಂಜಾನ್ ಉಪವಾಸ. ಬೆಳಿಗ್ಗೆ ಎಂಟಕ್ಕೇ ಕಲ್ಲು ಕಾಯುವ ಬಿಸಿಲು. ಅವಳು ಗುಟುಕು ನೀರಿಲ್ಲದೆ ನಡೆಯುವಳು, ನಾನು ನೀರಿನ ಬಾಟಲಿ ಮುಚ್ಚಿಟ್ಟುಕೊಂಡು ಹಿಂದೆ ಹೋಗುವೆನು. ಸೋಂಕು ತಗಲಬಾರದೆಂದು ನಾನೊಂದು ನಿಯಮ ಮಾಡಿದ್ದೆ: ಕಾಯಿಲೆಯವರು ಒಳಗೇ ನಿಂತು ಅರ್ಧ ಬಾಗಿಲಿಂದ ಕೈ ಮಾತ್ರ ಚಾಚಬೇಕು. ಅವಳು ಯಂತ್ರ ಸಿಕ್ಕಿಸಿ ಅಂಕಿ ಹೇಳಬೇಕು, ನಾನು ಬರೆಯಬೇಕು. ಆ ಜಾಣತನಕ್ಕೆ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಆರನೆಯ ದಿನ ಯಂಕಮ್ಮನ ಮನೆಗೆ ಹೋದೆವು. ಅರವತ್ತರ ಯಂಕಮ್ಮನಿಗೆ ನಾಲ್ಕು ದಿನದಿಂದ ಜ್ವರ. ಬಾಗಿಲ ಸಂದಿಯಿಂದ ಕೈ ಬಂತು. ಯಂತ್ರ ತೊಂಬತ್ತೆಂಟು ತೋರಿಸಿತು. ನಾನು ಬರೆದುಕೊಂಡು ಮುಂದಿನ ಮನೆಗೆ ಹೊರಟೆ. ಹಸೀನಾಬೀ ಮಾತ್ರ ಆ ಕೈ ಬಿಡಲಿಲ್ಲ.

“ಇದು ಯಂಕಮ್ಮನ ಕೈ ಅಲ್ಲ” ಅಂದಳು.

ಒಳಗಿನಿಂದ ಮಗ ಲಕ್ಷ್ಮಣ ಗದರಿದ. “ಮತ್ಯಾರ್ದು? ಬರಕೊಂಡು ಹೋಗ್ರಿ ಸುಮ್ನ!”

“ಯಂಕಮ್ಮಂದು ಎರಡು ಎಂಟರ ಅಳತಿ. ಇದು ಎರಡು ನಾಲ್ಕು. ನಂದಿನಿ, ನಿನ್ನ ಮದುವಿಗೆ ಹಸಿರು ಬಳಿ ಇಡಿಸಿದಾಕಿ ನಾನs ಅಲ್ಲೇನು?”

ಸೊಸೆ ನಂದಿನಿ ಚಾಚಿದ್ದ ಕೈಯನ್ನು ಒಳಗೆಳೆದುಕೊಂಡಳು. ಲಕ್ಷ್ಮಣ ಹೊರಗೆ ಬಂದ. ಸರ್ಕಾರಿ ಗುಮಾಸ್ತ, ಒಳ್ಳೆಯ ಮನುಷ್ಯನೇ. ಅವನ ಚಿಕ್ಕಪ್ಪ ಹಿಂದಿನ ವಾರ ನಡೆದುಕೊಂಡೇ ಆಸ್ಪತ್ರೆಗೆ ಹೋಗಿದ್ದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಬಂದಿದ್ದ. ಮುಖವನ್ನೂ ನೋಡಲು ಬಿಟ್ಟಿರಲಿಲ್ಲ.

“ನಮ್ಮವ್ವನ್ನ ಕಳಸಂಗಿಲ್ಲ. ಮನಿ ಮನಿ ತಿರುಗಿ ಚಾಡಿ ಹೇಳಾಕ ಹತ್ತೀಯೇನು? ನಾಳಿಂದ ಈ ಓಣ್ಯಾಗ ನಿನಗ ಯಾರು ಕೈ ಕೊಡ್ತಾರ ನೋಡ್ತೀನಿ!”

“ಕೊಡಬ್ಯಾಡ್ರಿ” ಎನ್ನುತ್ತ ಹಸೀನಾಬೀ ಅವರ ಹೊಸ್ತಿಲ ಮೇಲೆಯೇ ಕುಸಿದು ಕೂತಳು. “ಆಕಿ ಕೈ ತೋರ್ಸೋ ಮಟ ನಾ ಏಳಂಗಿಲ್ಲ.”

ನನಗೂ ಸಾಕಾಗಿತ್ತು. ಇನ್ನೂ ಮೂವತ್ತು ಮನೆ ಬಾಕಿ. ‘ಏಳು, ಹೋಗೋಣ’ ಎಂದು ನಾನೇ ಅಂದೆ, ಸುಳ್ಳು ಯಾಕೆ ಹೇಳಲಿ. ಅವಳು ಕೇಳಿಸಿಕೊಳ್ಳಲಿಲ್ಲ. ಹತ್ತು ನಿಮಿಷ ಹಾಗೇ ಕೂತಳು. ಕೊನೆಗೆ ನಂದಿನಿಯೇ ಗಂಡನ ಮಾತು ಮೀರಿ ಅತ್ತೆಯನ್ನು ತೋಳು ಹಿಡಿದು ಕರೆತಂದಳು. ಯಂಕಮ್ಮನ ತುಟಿ ನೀಲಿಗಟ್ಟಿತ್ತು. ಯಂತ್ರದಲ್ಲಿ ಎಂಬತ್ತೊಂದು.

ಗುಂಪಿನಲ್ಲಿ ಬರೆದೆ, ಹದಿನಾರು ಕಡೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಸಿಂಧನೂರಿನಲ್ಲಿ ಒಂದು ಬೆಡ್ ಸಿಕ್ಕಿತು. ಹದಿನೈದು ದಿನ ಬಿಟ್ಟು ಯಂಕಮ್ಮ ಎರಡೂ ಕಾಲಿನ ಮೇಲೆ ನಡೆದು ಮನೆಗೆ ಬಂದಳು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಲಕ್ಷ್ಮಣ ಹಸೀನಾಬೀ ಎದುರಾದರೆ ಮುಖ ತಿರುಗಿಸುತ್ತಿದ್ದ. ಇನ್ನೂ ನಾಲ್ಕೈದು ಮನೆಯವರು ಅವಳನ್ನು ಕಂಡರೆ ಒಳಗೆ ಸರಿಯುತ್ತಿದ್ದರು. ನನಗೆ ಸಿಟ್ಟು ಬಂತು. ಯಂಕಮ್ಮ ಬಂದ ದಿನವೇ ಗುಂಪಿನಲ್ಲಿ ಹಸೀನಾಬೀಯ ಬಗ್ಗೆ ಉದ್ದನೆಯ ಸಂದೇಶ ಬರೆದೆ, ಓಣಿಯ ಜೀವ ಉಳಿಸಿದ ತಾಯಿ ಎಂದೆಲ್ಲ. ಮೊದಲ ಸಲ ನನ್ನ ಬರಹವನ್ನು ಎಲ್ಲರೂ ಓದಿದರು. ಅರವತ್ತು ಚಪ್ಪಾಳೆ ಬಿದ್ದವು.

ಸಂಜೆ ಅವಳೇ ನಮ್ಮ ಮನೆ ಬಾಗಿಲಿಗೆ ಬಂದಳು. ಮಾಸ್ಕ್ ಇಳಿಸಿ ಕಟ್ಟೆಯ ಮೇಲೆ ಕೂತಳು. ಇಪ್ಪತ್ತು ದಿನದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

“ಅದನ್ನ ತಗದು ಬಿಡ್ರಿ ಸರ.”

“ಯಾಕ? ಖರೇನ ಬರದೀನಲ್ಲ.”

“ಮೊದಲ್ನೇ ದಿನ ಮಕ್ತುಂಬೀ ಮನಿಗೆ ಹೋಗಿದ್ವಲ್ರಿ. ಅವತ್ತು ಬಂದಿದ್ದು ಆಕಿ ಮಗಳು ತಮನ್ನಾಂದು ಕೈ. ಹಿಡಿದ ಕೂಡ್ಲೇ ಗೊತ್ತಾತು. ಹುಡುಗಿ ನನ್ನ ಬೆರಳು ಒತ್ತಿದ್ಲು, ಹೇಳಬ್ಯಾಡ ಅಂತ. ನಾ ಸುಮ್ನಾದೆ. ಆ ಮನೀದು ಮೂವತ್ತು ವರ್ಷದ ಗಿರಾಕಿ.”

ಮಕ್ತುಂಬೀ ಅದರ ಮೂರನೆಯ ದಿನ ತೀರಿಕೊಂಡಿದ್ದಳು. ನಾನು ಬರೆದುಕೊಂಡ ಅಂಕಿ ಚೆನ್ನಾಗಿಯೇ ಇದ್ದದ್ದರಿಂದ ಯಂತ್ರ ಕೆಟ್ಟಿದೆಯೆಂದು ಅದರ ಸೆಲ್ ಬದಲಿಸಿದ್ದೆ.

“ನಿನ್ನಿ ತಮನ್ನಾ ಬಂದಿದ್ಲು” ಎಂದಳು ಹಸೀನಾಬೀ. “ನನ್ನ ಬದ್ಲಿ ನೀ ಕೈ ಇಡು ಅಂತ ಅವ್ವನs ಅಂದಿದ್ಲಂತ. ಅಪ್ಪಗ ಇನ್ನೂ ಗೊತ್ತಿಲ್ಲ. ಅನ್ನ ಬಿಟ್ಟಾಳ ಹುಡುಗಿ. ಖಾಲಾ, ಅವತ್ತು ನಿನಗ ಗುರುತು ಸಿಕ್ಕಿತ್ತೇನು ಅಂತ ಕೇಳಿದ್ಲು.”

“ಏನಂದಿ?”

“ಸಿಕ್ಕಿತ್ತು ಅಂದೆ. ಸುಳ್ಳು ಹೇಳಿದ್ರ ನಾ ಪಾರಾಗ್ತಿದ್ದೆ. ಆದ್ರ ಅಷ್ಟು ಸಣ್ಣ ಹುಡುಗಿ ಅದನ್ನ ಒಬ್ಬಾಕಿನ ಹೆಂಗ ಹೊರಬೇಕ್ರಿ?”

ಮೊಬೈಲ್ ತೆಗೆದು ಅವಳ ಎದುರಿಗೇ ಆ ಸಂದೇಶ ಅಳಿಸಿದೆ. ಆಮೇಲೆ ಕರೀಂಸಾಬ್‌ನ ಮನೆಗೆ, ತಮನ್ನಾಳ ತಂದೆಗೆ ನಮ್ಮ ತಪ್ಪನ್ನು ಹೇಳಲು, ಇಬ್ಬರೂ ಎದ್ದು ಹೊರಟೆವು.